ಹೊಳೆಯಾಚೆ ಬೇರೆ ಕಾನೂನು



ಧರ್ಮಶಾಸ್ತ್ರದ ಮಾತು ನ್ಯಾಯಾಲಯದಲ್ಲಿ ಎಷ್ಟು ನಡೆಯಬೇಕು, ಶಾಸನಸಭೆ ಅದಕ್ಕೆ ಎಲ್ಲಿ ಮಿತಿ ಹಾಕಬೇಕು ಎಂಬುದು ಈ ಸಂಕಿರಣದ ವಿಷಯ. ಅಮೆರಿಕದ ಓಕ್ಲಹೋಮಾ ರಾಜ್ಯದ ಮತದಾರರು 2010ರಲ್ಲಿ, ತಮ್ಮ ನ್ಯಾಯಾಲಯಗಳು ಷರಿಯತ್ತನ್ನಾಗಲಿ ಅಂತರರಾಷ್ಟ್ರೀಯ ಕಾನೂನನ್ನಾಗಲಿ ಪರಿಗಣಿಸಕೂಡದು ಎಂಬ ರಾಜ್ಯ ಸಂವಿಧಾನದ ತಿದ್ದುಪಡಿಗೆ ಒಪ್ಪಿಗೆ ಕೊಟ್ಟರು. ಒಂದು ಧರ್ಮವನ್ನು ಹೆಸರಿಟ್ಟು ಗುರಿ ಮಾಡಿದ್ದ ಆ ತಿದ್ದುಪಡಿ ಫೆಡರಲ್ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ನಮಗೆ ಅಷ್ಟು ದೂರದ ಮಾತು ಬೇಡ, ತುಂಗಭದ್ರೆಯ ದಂಡೆಗೆ ಹೋದರೆ ಸಾಕು.

1947ಕ್ಕೂ ಮುಂಚೆ ಹೊಳೆಯ ಈಚೆ, ನಮ್ಮ ಕುಮಾರಪಟ್ಟಣದ ದಂಡೆ ಮುಂಬಯಿ ಪ್ರಾಂತ್ಯದ್ದು, ಎದುರಿನ ಹರಿಹರ ಮೈಸೂರು ಸಂಸ್ಥಾನದ್ದು. ಹಿಂದೂ ಮನೆತನಗಳ ಆಸ್ತಿ ವ್ಯಾಜ್ಯಕ್ಕೆ ಎರಡೂ ಕಡೆ ಮಿತಾಕ್ಷರವೇ ಆಧಾರ. ಅದನ್ನು ಬರೆದ ವಿಜ್ಞಾನೇಶ್ವರ ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದವನು, ನಮ್ಮ ನಾಡಿನವನೇ. 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ತಂದು, ಶಾಸ್ತ್ರ ಕೊಡದ ಪಾಲನ್ನು ಹೆಂಗಸರಿಗೆ ಕೊಟ್ಟಿತು. ಹೊಳೆಯ ಈಚೆಯವರಿಗೆ ಅದು ದಕ್ಕಲಿಲ್ಲ. ಈ ದಂಡೆಗೆ ಬಂದದ್ದು 1946ರ ಮುಂಬಯಿ ಕಾಯ್ದೆ: ಹೆಂಡತಿ ಇರುವಾಗ ಹಿಂದೂ ಗಂಡಸು ಇನ್ನೊಬ್ಬಳನ್ನು ಮದುವೆಯಾದರೆ ಆ ಮದುವೆ ಅಸಿಂಧು. ಶಾಸ್ತ್ರ ಒಪ್ಪುತ್ತದಲ್ಲ ಎಂಬ ವಾದ ಎದ್ದಿತು. 1951ರ ನರಸು ಅಪ್ಪಾ ಮಾಳಿ ಪ್ರಕರಣದಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಛಾಗ್ಲಾ ಮತ್ತು ಗಜೇಂದ್ರಗಡ್ಕರ್ ಕಾಯ್ದೆಯನ್ನು ಎತ್ತಿಹಿಡಿದರು. ಜೊತೆಗೆ, ವೈಯಕ್ತಿಕ ಕಾನೂನನ್ನು ಮೂಲಭೂತ ಹಕ್ಕುಗಳ ಒರೆಗೆ ಹಚ್ಚುವಂತಿಲ್ಲ ಎಂದೂ ಹೇಳಿದರು. ಮೊದಲ ಮಾತು ಸರಿ. ಎರಡನೆಯದು ನನಗೆ ಒಪ್ಪಿಗೆಯಿಲ್ಲ; ನ್ಯಾಯಾಲಯ ಮಾಡಬೇಕಾದ ಕೆಲಸವನ್ನು ಅದು ಶಾಸನಸಭೆಯ ಮರ್ಜಿಗೆ ಬಿಟ್ಟಿತು.

ಆ ಮರ್ಜಿ ಹೇಗಿರುತ್ತದೆ ನೋಡಿ. 1994ರ ಜುಲೈ 30ರಿಂದ ಜಾರಿಗೆ ಬಂದ, ಹಿಂದೂ ಉತ್ತರಾಧಿಕಾರ ಕಾಯ್ದೆಯ ಕರ್ನಾಟಕ ತಿದ್ದುಪಡಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟು ಹಕ್ಕು ಕೊಟ್ಟಿತು. ಆದರೆ ಅದಕ್ಕೂ ಮುಂಚೆ ಮದುವೆಯಾದವಳಿಗೆ ಇಲ್ಲವೆಂದಿತು. ಒಂದೇ ಮನೆಯ ಅಕ್ಕ ಹೊರಗೆ, ತಂಗಿ ಒಳಗೆ! ಈ ತಾರತಮ್ಯ ಹೋಗಲು 2005ರ ಕೇಂದ್ರ ತಿದ್ದುಪಡಿ ಬರಬೇಕಾಯಿತು. ಮಗಳ ಹಕ್ಕಿಗೆ ತಂದೆ 2005ರಲ್ಲಿ ಬದುಕಿರಬೇಕೇ ಎಂಬ ಗೊಂದಲ ಬಗೆಹರಿಯಲು ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪಿನವರೆಗೆ ಕಾಯಬೇಕಾಯಿತು.

ವಿದೇಶಿ ಡಿಕ್ರಿಯ ಮಾತು ಮಧ್ಯಾಹ್ನದ ಗೋಷ್ಠಿಯಲ್ಲಿ ಬರುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೆಯ ಕಲಂ ಅದಕ್ಕೆ ಬೇಕಾದ ಜರಡಿಯನ್ನು 1908ರಲ್ಲೇ ಇಟ್ಟಿದೆ, ಓಕ್ಲಹೋಮಾದಂಥ ಹೊಸ ನಿಷೇಧ ಬೇಕಿಲ್ಲ.

ನಿಂತ ಕಾನೂನುಗಳೆಲ್ಲ ಒಂದು ಅನ್ಯಾಯವನ್ನು ಗುರುತಿಸಿ ಅದಕ್ಕೆ ಪರಿಹಾರ ಬರೆದವು. ಯಾರದೋ ಧರ್ಮವನ್ನು ಹೊರಗಿಡಲೆಂದು ಅವು ಹುಟ್ಟಲಿಲ್ಲ. ಆದರೂ ಉತಾರದಲ್ಲಿ ತಂಗಿಯ ಹೆಸರು ಹತ್ತುವ ಮುಂಚೆಯೇ ಅರಿಶಿನ ಕುಂಕುಮದ ಮಾತಾಡಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತೇವೆ. ಆ ಪತ್ರ ಬರೆಯುವ ವಕೀಲರು ಇಲ್ಲೇ ಕೂತಿದ್ದೀರಿ. ಸಹಿಗೆ ಮುಂಚೆ ಅಣ್ಣನನ್ನು ಹೊರಗೆ ಕೂರಿಸಿ, ಅವಳ ಪಾಲು ಎಷ್ಟೆಂದು ಅವಳಿಗೇ ಹೇಳಿ. ಈ ಸಂಕಿರಣ ಇಷ್ಟನ್ನು ನಿರ್ಣಯವಾಗಿ ಸ್ವೀಕರಿಸಲಿ ಎಂದು ಕೇಳಿಕೊಳ್ಳುತ್ತೇನೆ.