ಕೆಟ್ಟ ಕಾಯಿಲನ್ನು ಗುರುತಿಸುವ ಬಗೆ
(ಶತಮಾನೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಈ ವೇದಿಕೆಯಿಂದ ನಾಡು ನುಡಿಯ ಮಾತನ್ನು ನಿರೀಕ್ಷಿಸಿ ಬಂದವರಿಗೆ ನಮ್ಮ ವಿಷಯ ಸೋಜಿಗವೆನಿಸಬಹುದು. ಪೆಟ್ರೋಲ್ ಕಾರಿನ ಇಗ್ನಿಷನ್ ಕಾಯಿಲ್ ಕೆಟ್ಟರೆ ಅದನ್ನು ಗುರುತಿಸುವ ಬಗೆಯನ್ನು ಇಂದು ವಿವರಿಸಲಿದ್ದೇವೆ. ಅದಕ್ಕೆ ಕಾರಣವಿದೆ. ಈ ಶಾಲೆ ಆರಂಭವಾದಾಗ ಕೌತಾಳಂ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದವು. ನಮ್ಮ ಮನೆಗಳ ಮಾತು ಕನ್ನಡವಾಗಿಯೇ ಉಳಿಯಿತು. ಈಗ ಪ್ರತಿ ಜೂನ್ ತಿಂಗಳಲ್ಲಿ ದಾಖಲಾತಿಗೆ ಬರುವ ತಂದೆತಾಯಂದಿರು ಕೇಳುವ ಪ್ರಶ್ನೆ ಒಂದೇ: “ಮೇಡಂ, ಕನ್ನಡದಲ್ಲಿ ಓದಿದರೆ ನಮ್ಮ ಹುಡುಗ ಮುಂದೆ ಕೈಕೆಲಸ ಕಲಿತು ನಾಲ್ಕು ಕಾಸು ದುಡಿದಾನೇ?” ಈ ಪ್ರಶ್ನೆಗೆ ಭಾಷಾಭಿಮಾನದ ಉತ್ತರ ಸಾಲದು, ಕೆಲಸದ ಉತ್ತರವೇ ಬೇಕು.

ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮೈಕೇಲ್ ಫ್ಯಾರಡೆ ಆ ತತ್ವವನ್ನು ಕಂಡುಹಿಡಿದದ್ದು 1831ರಲ್ಲಿ. ಐದು ವರ್ಷಗಳ ತರುವಾಯ ಐರ್ಲೆಂಡಿನ ಮೇನೂತ್ ಕಾಲೇಜಿನ ಅಧ್ಯಾಪಕ ನಿಕೋಲಸ್ ಕ್ಯಾಲನ್ ಅದರಿಂದ ಪ್ರೇರಣಾ ಸುರುಳಿಯನ್ನು ರಚಿಸಿದರು. ಅದು ಒಬ್ಬ ಮೇಷ್ಟರ ಕೈಕೆಲಸವೆಂಬುದು ನಮಗೆ ಹೆಮ್ಮೆಯ ಸಂಗತಿ! ಕಾರಿನ ಕಾಯಿಲ್ ಅದರದೇ ಸಂತಾನ. ಕಬ್ಬಿಣದ ತಿರುಳಿನ ಮೇಲೆ ಕೆಲವೇ ನೂರು ಸುತ್ತುಗಳ ಪ್ರಾಥಮಿಕ ಸುರುಳಿ ಇರುತ್ತದೆ. ಜೊತೆಗೆ ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತುಗಳ ದ್ವಿತೀಯಕ ಸುರುಳಿ. ಬ್ಯಾಟರಿಯ 12 ವೋಲ್ಟ್ ಪ್ರವಾಹವನ್ನು ಪ್ರಾಥಮಿಕದಲ್ಲಿ ಹರಿಸಿ ಥಟ್ಟನೆ ಕಡಿದಾಗ ಕಾಂತಕ್ಷೇತ್ರ ಕುಸಿಯುತ್ತದೆ, ದ್ವಿತೀಯಕದಲ್ಲಿ 20,000 ವೋಲ್ಟಿಗೂ ಮಿಗಿಲಾದ ಒತ್ತಡ ಹುಟ್ಟಿ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. (ಟ್ರ್ಯಾಕ್ಟರ್ ಉಳ್ಳ ರೈತ ಬಂಧುಗಳಿಗೆ ಈ ಚಿಂತೆ ಬೇಡ, ಡೀಸೆಲ್ ಇಂಜಿನ್ನಿನಲ್ಲಿ ಗಾಳಿಯನ್ನು ಅದುಮಿದ ಬಿಸಿಗೇ ಇಂಧನ ಹೊತ್ತಿಕೊಳ್ಳುತ್ತದೆ, ಕಾಯಿಲ್ ಇರುವುದೇ ಇಲ್ಲ.)

ಹಿಂದಿನ ಅಂಬಾಸಿಡರ್ ಕಾರಿನ ನಾಲ್ಕು ಸಿಲಿಂಡರುಗಳಿಗೂ ಒಂದೇ ಕಾಯಿಲ್. ಅದು ಕೆಟ್ಟರೆ ಗಾಡಿ ನಿಂತೇಬಿಡುತ್ತಿತ್ತು. ಈಗಿನ ಅನೇಕ ಕಾರುಗಳಲ್ಲಿ ಸಿಲಿಂಡರಿಗೊಂದು ಕಾಯಿಲ್. ಒಂದು ಸೋತರೂ ಉಳಿದ ಮೂರು ಗಾಡಿಯನ್ನು ಎಳೆಯುತ್ತವೆ. ಆದುದರಿಂದಲೇ ರೋಗ ಮರೆಯಲ್ಲಿರುತ್ತದೆ.

ವರ್ಷವಿಡೀ ಮಂತ್ರಾಲಯಕ್ಕೆ, ಶ್ರಾವಣದಲ್ಲಿ ಉರುಕುಂದ ಈರಣ್ಣಸ್ವಾಮಿಯ ದರ್ಶನಕ್ಕೆ ಭಕ್ತರನ್ನು ಕರೆದೊಯ್ದು ಸಂಸಾರ ಸಾಗಿಸುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರಿದ್ದಾರೆ. ಅವರ ಕಾರು ಬೆಳಗ್ಗೆ ಚೆನ್ನಾಗಿಯೇ ಹೊರಡುತ್ತಿತ್ತು. ಅರ್ಧ ಗಂಟೆ ಓಡಿ ಬಿಸಿಯಾದೊಡನೆ ನಡುಗತೊಡಗಿ, ಏರಿನಲ್ಲಿ ಎಳೆಯಲಾರದಾಗುತ್ತಿತ್ತು. ಮೆಕ್ಯಾನಿಕ್‌ಗಳು ಇದನ್ನು “ಮಿಸ್ಸಿಂಗ್” ಎನ್ನುತ್ತಾರೆ. ಮೊದಲು ಹೋದ ಶೆಡ್ಡಿನಲ್ಲಿ ಪೆಟ್ರೋಲ್ ಪಂಪನ್ನೇ ಬದಲಿಸಿದರು. ಹಣ ಹೋಯಿತು, ನಡುಕ ಹೋಗಲಿಲ್ಲ. ಶ್ರಾವಣದ ದುಡಿಮೆಯ ದಿನಗಳು ಒಂದೊಂದಾಗಿ ಕಳೆದುಹೋಗುತ್ತಿದ್ದವು.

ಕೊನೆಗೆ ಆದವಾನಿಯಲ್ಲಿ ಶೆಡ್ಡು ಇಟ್ಟಿರುವ, ಇದೇ ಶಾಲೆಯ ಮತ್ತೊಬ್ಬ ವಿದ್ಯಾರ್ಥಿ ಆ ಕಾರನ್ನು ಪರೀಕ್ಷಿಸಿದರು. ಸ್ಕ್ಯಾನರ್ ಜೋಡಿಸಿದಾಗ ಪಿ0302 ಎಂಬ ಸಂಕೇತ ಬಂದಿತು. ಎರಡನೆಯ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲವೆಂದು ಅದರ ಅರ್ಥ. ಏಕೆ ಉರಿಯುತ್ತಿಲ್ಲವೆಂಬುದನ್ನು ಸಂಕೇತ ಹೇಳದು. ಕಾಯಿಲ್ ಕೆಟ್ಟಿರಬಹುದು, ಪ್ಲಗ್ ಸವೆದಿರಬಹುದು, ಇಂಜೆಕ್ಟರ್ ಕಟ್ಟಿಕೊಂಡಿರಬಹುದು, ಕಂಪ್ರೆಶನ್ನೇ ಕುಗ್ಗಿರಬಹುದು. ಸಂಕೇತ ಕಂಡೊಡನೆ ಹೊಸ ಕಾಯಿಲ್ ಕೊಳ್ಳುವುದೂ ಊಹೆಯೇ.

ಅವರು ಮಾಡಿದ್ದು ಇಷ್ಟೇ. ಇಂಜಿನ್ ನಿಲ್ಲಿಸಿ, ಎರಡನೆಯ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೂ ಮೂರನೆಯದನ್ನು ಎರಡನೆಯದಕ್ಕೂ ಹಾಕಿದರು. ಬೇರೇನನ್ನೂ ಮುಟ್ಟಲಿಲ್ಲ. ಹಳೆಯ ಸಂಕೇತವನ್ನು ಅಳಿಸಿ, ಕಾರು ಬಿಸಿಯಾಗುವವರೆಗೆ ಓಡಿಸಿದರು. ಈಗ ಬಂದ ಸಂಕೇತ ಪಿ0303. ದೋಷ ಕಾಯಿಲಿನೊಡನೆ ಜಾಗ ಬದಲಿಸಿತ್ತು. ಆದ್ದರಿಂದ ಅಪರಾಧಿ ಕಾಯಿಲೇ. ಮತ್ತೆ ಪಿ0302 ಎಂದೇ ಬಂದಿದ್ದರೆ ಕಾಯಿಲನ್ನು ಬಿಟ್ಟು ಪ್ಲಗ್ಗನ್ನು ಅದೇ ರೀತಿ ಬದಲಿಸಿ ನೋಡಬೇಕಾಗುತ್ತಿತ್ತು. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ಉಳಿದುದನ್ನು ಸ್ಥಿರವಾಗಿಡಬೇಕೆಂದು ಪ್ರಯೋಗಶಾಲೆಯಲ್ಲಿ ನಾವು ಕನ್ನಡದಲ್ಲಿ ಕಲಿಸಿದ ನಿಯಮವೇ ಇದು.

ಓಮ್‌ಮೀಟರಿನಿಂದ ಅಳೆಯಬಾರದೇ ಎಂದು ವಿಜ್ಞಾನ ಶಿಕ್ಷಕರು ಕೇಳಿಯಾರು. ಅಳೆಯಬಹುದು, ಆದರೆ ಆ ಅಳತೆ ಮೋಸಮಾಡಬಲ್ಲದು. ತಣ್ಣಗಿರುವಾಗ ಸರಿಯೆನಿಸಿದ ಕಾಯಿಲ್, ಬಿಸಿಗೆ ಒಳಗಿನ ನಿರೋಧಕ ಪದರ ಬಿರಿದು ಸೋಲುತ್ತದೆ. ಒಳಗೇ ಇಲೆಕ್ಟ್ರಾನಿಕ್ ಸ್ವಿಚ್ ಇರುವ ಹೊಸ ಕಾಯಿಲುಗಳನ್ನಂತೂ ಹಾಗೆ ಅಳೆಯಲಾಗದು. ತಂತಿಯನ್ನು ಕೈಯಲ್ಲಿ ಹಿಡಿದು ಕಿಡಿ ನೋಡುವ ಹಳೆಯ ಚಾಳಿಯನ್ನು ಯಾರೂ ಅನುಕರಿಸಬಾರದು. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ದೀಪ ಮಿನುಗುತ್ತಿದ್ದರೆ ಓಡಿಸುತ್ತಲೇ ಇರಲೂಬಾರದು. ಉರಿಯದ ಪೆಟ್ರೋಲ್ ಹೊಗೆಕೊಳವೆಯ ಕೆಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ, ಅದರ ಬೆಲೆಯ ಮುಂದೆ ಕಾಯಿಲಿನ ಬೆಲೆ ಏನೇನೂ ಅಲ್ಲ.

ಒಂದು ಮಾತನ್ನು ಮರೆಮಾಚುವುದಿಲ್ಲ. ಆ ಸ್ಕ್ಯಾನರಿನ ಪರದೆಯ ಮೇಲಿದ್ದುದು ಇಂಗ್ಲಿಷ್. ಆ ಪದಗಳನ್ನು ಅವರು ಶೆಡ್ಡಿನಲ್ಲಿ ಆರೇಳು ತಿಂಗಳು ಕಷ್ಟಪಟ್ಟು ಕಲಿತರಂತೆ. ಈ ಕೊರತೆಯನ್ನು ಶಾಲೆಯೇ ತುಂಬಬೇಕು. ಆದಕಾರಣ ಈ ವರ್ಷದಿಂದ ವಿಜ್ಞಾನದ ಪ್ರತಿ ಪಾಠದ ಪಾರಿಭಾಷಿಕ ಪದಗಳನ್ನು ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಹಲಗೆಯ ಮೇಲೆ ಬರೆಯಿಸುತ್ತಿದ್ದೇವೆ. ತರ್ಕ ಮಾತ್ರ ಮಗುವಿನ ಮನೆಮಾತಿನಲ್ಲಿಯೇ ಬೆಳೆಯಲಿ ಎಂಬುದು ನಮ್ಮ ನಿಲುವು.

ಆ ಕಾರಿಗೆ ಹೊಸ ಕಾಯಿಲಿನೊಡನೆ ನಾಲ್ಕು ಹೊಸ ಪ್ಲಗ್ಗುಗಳನ್ನೂ ಹಾಕಿದರು. ಪ್ಲಗ್ ಸವೆದು ಅದರ ಸಂದು ಅಗಲವಾದಷ್ಟೂ ಕಿಡಿ ಹಾರಿಸಲು ಹೆಚ್ಚು ವೋಲ್ಟೇಜ್ ಬೇಕು. ಆ ಹೊರೆ ಹೊಸ ಕಾಯಿಲನ್ನೂ ಬಲಿ ತೆಗೆದುಕೊಳ್ಳುತ್ತದೆ. ಕೆಟ್ಟ ಕಾಯಿಲನ್ನು ಉದ್ದಕ್ಕೆ ಸೀಳಿ ನಮ್ಮ ವಿಜ್ಞಾನ ಕೊಠಡಿಗೆ ತಂದುಕೊಟ್ಟಿದ್ದಾರೆ. ಕಿಟಕಿಯ ಬಳಿಯ ಮೇಜಿನ ಮೇಲಿದೆ. ಎರಡು ಸುರುಳಿಗಳೂ ಬರಿಗಣ್ಣಿಗೆ ಕಾಣುತ್ತವೆ. ಊಟದ ನಂತರ ಹತ್ತನೆಯ ತರಗತಿಯ ಹುಡುಗಿಯರು ಅದನ್ನು ನಿಮಗೆ ವಿವರಿಸುವರು.