ಮನೆಯ ಗಣಕದಲ್ಲಿ ಕನ್ನಡ



ಹಿಂದೂಪುರ, ಕಲ್ಯಾಣದುರ್ಗಗಳ ಕನ್ನಡ ಮನೆಗಳಲ್ಲಿ ಪಠ್ಯಪುಸ್ತಕದಾಚೆ ಮಕ್ಕಳಿಗೆ ಕನ್ನಡ ಓದು ದೊರೆಯುವುದು ದುರ್ಲಭವೆಂಬುದು ತಮಗೆಲ್ಲ ವಿದಿತವೇ ಇದೆ. ಮೂಲೆ ಸೇರಿದ ಹಳೆಯ ಗಣಕವೊಂದು ಈ ಕೊರತೆಯನ್ನು ತಕ್ಕಮಟ್ಟಿಗೆ ನೀಗಬಲ್ಲುದೆಂದು ಅರಿಕೆ ಮಾಡಲು ನಿಂತಿದ್ದೇನೆ.

ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರಿಯ ಹವ್ಯಾಸವೆಂದೇ ಲಿನಕ್ಸನ್ನು ಬರೆಯತೊಡಗಿದರು. ಅದನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ವ್ಯಾಪಾರಸಂಸ್ಥೆಯು ಒಂದು ಭಾಷೆಗೆ ಗಿರಾಕಿಗಳೆಷ್ಟೆಂದು ಎಣಿಸೀತು. ಇಲ್ಲಿ ಆ ಎಣಿಕೆಯಿಲ್ಲ. ಗಡಿಯಲ್ಲಿ ಸದಾ ತಲೆಯೆಣಿಕೆಗೆ ಗುರಿಯಾಗುವ ನಮಗೆ ಇದು ಸಣ್ಣ ಮಾತಲ್ಲ. ಯಾರ ಅಪ್ಪಣೆಗೂ ಕಾಯದೆ ಕನ್ನಡಿಗರೇ ಕುಳಿತು ಗ್ನೋಮ್ ಪರದೆಯ ಮಾತುಗಳನ್ನು ಕನ್ನಡಿಸಿದರು. ಗುಬ್ಬಿ, ನವಿಲು ಎಂಬ ಅಕ್ಷರಶೈಲಿಗಳನ್ನು ರಚಿಸಿ ಲೋಕಕ್ಕೆ ಬಿಟ್ಟುಕೊಟ್ಟರು. ಎಷ್ಟು ಚೆಲುವಾದ ಹೆಸರುಗಳು!

ಇನ್ನು ಮನೆಯ ಮಾತು. ಹಳೆಯ ಗಣಕಕ್ಕೆ ಲಿನಕ್ಸಿನ ಒಂದು ಬಗೆಯಾದ ಡೆಬಿಯನ್ನನ್ನು ಹಾಕಿ, ಕಿವಿಕ್ಸ್ ಎಂಬ ತಂತ್ರಾಂಶದೊಡನೆ ಕನ್ನಡ ವಿಕಿಪೀಡಿಯದ ಕಡತವನ್ನು ಒಮ್ಮೆ ಇಳಿಸಿಟ್ಟರಾಯಿತು. 2003ರಲ್ಲಿ ಮೊದಲಾದ ಆ ವಿಶ್ವಕೋಶವು ವೈಫೈ ಎಟಕುವಷ್ಟು ದೂರ ಮನೆಮಂದಿಯ ಮೊಬೈಲುಗಳಲ್ಲೆಲ್ಲ ತೆರೆದುಕೊಳ್ಳುವುದು; ಅಂತರಜಾಲ ಕಡಿದರೂ ಓದು ನಿಲ್ಲದು. ಅಜ್ಜಿಯ ಸೋಬಾನೆ ಹಾಡುಗಳನ್ನು ಧ್ವನಿಮುದ್ರಿಸಿ ಅಲ್ಲಿಯೇ ಇರಿಸಬಹುದು. ಕರೆಂಟು ಹೋದರೆ ಮಾತ್ರ ಲಿನಕ್ಸಿನಲ್ಲಿಯೂ ಮದ್ದಿಲ್ಲ! ಭಂಡಾರ ನಮ್ಮದೆಂದ ಮೇಲೆ ಕಾಯುವ ಹೊಣೆಯೂ ನಮ್ಮದೇ. ಅಜ್ಜಿಯ ಹಾಡಿನಂಥವುಗಳಿಗೆ ಬೇರೊಂದು ಹಾರ್ಡ್ ಡಿಸ್ಕಿನಲ್ಲಿ ಪ್ರತಿ ಇರಲೇಬೇಕು.

ಕೈ ಹಚ್ಚಬಲ್ಲ ತರುಣ ತರುಣಿಯರು ಎರಡೂ ಊರುಗಳಲ್ಲಿದ್ದಾರೆ. ಬಳಸದ ಗಣಕವಿರುವವರು ಸಂಘಕ್ಕೆ ತಿಳಿಸಬೇಕೆಂದು ಕೋರುತ್ತೇನೆ.