42 ಕಾರ್ಡು, ಎಂಟು ಮಕ್ಕಳು, ಒಂದಿಷ್ಟು ಫ್ರೆಂಚ್

ಪುಣೆ, ಮುಂಬೈ, ಹೈದರಾಬಾದ್, ದೆಹಲಿ, ಎಲ್ಲಿ ಕೂತು ಕೇಳ್ತಿದ್ರೂ ನಿಮಗೆ ಈ ಕಥೆ ಗೊತ್ತಿರುತ್ತೆ. ಮಗುವಿಗೆ ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಜೊತೆಗೆ ಆ ಊರಿನ ಭಾಷೆ. ಐದನೇ ಆರನೇ ಕ್ಲಾಸಿಗೆ ಬಂದಾಗ ಒಂದು ಫಾರ್ಮ್ ಬರುತ್ತೆ: ಸಂಸ್ಕೃತವೋ, ಜರ್ಮನ್ನೋ, ಫ್ರೆಂಚೋ? ನಮ್ಮಲ್ಲಿ ಬಹಳ ಜನ ಫ್ರೆಂಚಿಗೆ ಟಿಕ್ ಹಾಕ್ತೀವಿ. ಆಮೇಲೆ ಮಗು ಕ್ರಿಯಾಪದದ ರೂಪಗಳನ್ನೆಲ್ಲ ಮಗ್ಗಿ ಥರ ಉರು ಹೊಡೆದು ಒಳ್ಳೇ ಮಾರ್ಕ್ಸ್ ತರುತ್ತೆ. ಆದ್ರೆ ‘ನಿನಗೆಷ್ಟು ವರ್ಷ?’ ಅಂತ ಫ್ರೆಂಚಿನಲ್ಲಿ ಕೇಳಿದ್ರೆ ಅಮ್ಮನ ಮುಖ ನೋಡುತ್ತೆ.

ನಾನು ಭಾಷೆ ಕಲಿಸುವ ಮೇಷ್ಟ್ರಲ್ಲ, ಕೋಡ್ ಬರೆಯೋ ಆಸಾಮಿ. ಆಫೀಸ್ ಕೆಲಸದ ಮೇಲೆ ಒಂದೂವರೆ ವರ್ಷ ತುಲೂಸ್‌ನಲ್ಲಿದ್ದೆ. ಬೇಕರಿ ಕ್ಯೂನಲ್ಲಿ, ಬಸ್ ಸ್ಟಾಪಿನಲ್ಲಿ ಕಲಿತ ಫ್ರೆಂಚ್ ನನ್ನದು. ಎರಡು ವರ್ಷದಿಂದ ವಾಕಡ್‌ನ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಭಾನುವಾರ ಬೆಳಿಗ್ಗೆ ಒಂದು ಗಂಟೆ ಎಂಟು ಮಕ್ಕಳ ಜೊತೆ ಕೂರ್ತೀನಿ. ಐದು ಕನ್ನಡದ ಮನೆಯವು, ಎರಡು ಮರಾಠಿ, ಒಂದು ತಮಿಳು. ಪುಸ್ತಕ ಇಲ್ಲ, ಹೋಂವರ್ಕ್ ಇಲ್ಲ. ಅಪ್ಪ ಅಮ್ಮ ಒಳಗೆ ಬರೋ ಹಾಗಿಲ್ಲ. ಇದು ಮುಖ್ಯ. ಅವರು ಮೂಲೆಯಲ್ಲಿ ಸುಮ್ಮನೆ ಕೂತಿದ್ರೂ ಮಗು ತಪ್ಪು ಮಾತಾಡೋಕೆ ಹೆದರುತ್ತೆ.

ಮೊದಲ ಎರಡು ತಿಂಗಳು ಮಾತಾಡಿ ಅಂತ ನಾನು ಕೇಳೋದೇ ಇಲ್ಲ. ‘ಜಾಕ್ ಆ ದಿ’ ಅಂತ ಒಂದು ಆಟ, ‘ಜಾಕ್ ಹೇಳಿದ’ ಅಂತ ಅರ್ಥ. ‘ಜಾಕ್ ಹೇಳಿದ, ಮೂಗು ಮುಟ್ಟಿ’ ಅಂದ್ರೆ ಮುಟ್ಟಬೇಕು. ಬರೀ ‘ಮೂಗು ಮುಟ್ಟಿ’ ಅಂದಾಗ ಮುಟ್ಟಿದ್ರೆ ಔಟ್. ಕಿವಿ ಮೊದಲು, ಬಾಯಿ ಆಮೇಲೆ. ಜೇಮ್ಸ್ ಆಶರ್ ಅನ್ನೋ ಅಮೆರಿಕನ್ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲಿ ಇದನ್ನೇ ಒಂದು ಬೋಧನಾ ಕ್ರಮವಾಗಿ ಬೆಳೆಸಿದರು. ಮಗು ತಾಯಿಭಾಷೆ ಕಲಿಯೋದೂ ಹಾಗೇ ತಾನೆ? ‘ಬಾ, ಕೂತ್ಕೋ, ತಗೋ’ ಅಂದದ್ದನ್ನ ತಿಂಗಳುಗಟ್ಟಲೆ ಕೇಳಿದ ಮೇಲಲ್ಲವೇ ಬಾಯಿ ಬಿಡೋದು.

ಅಂಕಿಗೆ ಹೌಸಿ. ನಮ್ಮ ಸೊಸೈಟಿಗಳಲ್ಲಿ ಗಣೇಶೋತ್ಸವಕ್ಕೆ ಆಡ್ತಾರಲ್ಲ, ಅದೇ ಟಿಕೆಟ್ಟು. 69ರವರೆಗೆ ಎಲ್ಲ ಸಲೀಸು. 70ಕ್ಕೆ ಫ್ರೆಂಚರು ‘ಅರವತ್ತು-ಹತ್ತು’ ಅಂತಾರೆ, 80ಕ್ಕೆ ‘ನಾಲ್ಕು-ಇಪ್ಪತ್ತು’, 90ಕ್ಕೆ ‘ನಾಲ್ಕು-ಇಪ್ಪತ್ತು-ಹತ್ತು’. ಎಪ್ಪತ್ತೊಂದು, ಎಪ್ಪತ್ತೆರಡು ಅಂತ ನೆಟ್ಟಗೆ ಎಣಿಸೋ ನಮಗೆ ಇದು ವಿಚಿತ್ರ. ಆದ್ರೆ ಫುಲ್ ಹೌಸಿಗೆ ಒಂದೇ ಅಂಕಿ ಬಾಕಿ, ಅದು 77 ಅಂತಿಟ್ಟುಕೊಳ್ಳಿ. ಅದನ್ನ ಯಾರೂ ಮರೆಯಲ್ಲ.

ನನಗೆ ಇಷ್ಟವಾದದ್ದು ‘ಏಳು ಕುಟುಂಬಗಳು’ ಅನ್ನೋ ಕಾರ್ಡ್ ಆಟ, ಫ್ರಾನ್ಸಿನ ಮಕ್ಕಳಿಗೆಲ್ಲ ಗೊತ್ತಿರೋದು. ಏಳು ಕುಟುಂಬ, ಒಂದೊಂದರಲ್ಲೂ ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಮಗ, ಮಗಳು. ಒಟ್ಟು 42 ಕಾರ್ಡು. ‘ಇಂಥ ಕುಟುಂಬದಲ್ಲಿ ನನಗೆ ಅಜ್ಜಿ ಬೇಕಿತ್ತು’ ಅಂತ ಯಾರನ್ನಾದ್ರೂ ಕೇಳಬೇಕು. ‘ಜ ವುದ್ರೆ’, ಅಂದ್ರೆ ‘ನನಗೆ ಬೇಕಿತ್ತು’, ಅಂತ ಮರ್ಯಾದೆಯಿಂದಲೇ ಕೇಳಬೇಕು. ಅವರ ಹತ್ರ ಆ ಕಾರ್ಡ್ ಇಲ್ಲದಿದ್ರೆ ‘ಪಿಯೋಶ್!’ ಅಂತ ಕೂಗ್ತಾರೆ, ರಾಶಿಯಿಂದ ಒಂದು ಎತ್ಕೋ ಅಂತ. ಕಾರ್ಡುಗಳನ್ನ ನಮ್ಮ ಮಕ್ಕಳೇ ಬರೆದಿದ್ದಾರೆ. ದೋಸೆ ಕುಟುಂಬ ಇದೆ, ವಡಾಪಾವ್ ಕುಟುಂಬ ಇದೆ, ಟ್ರಾಫಿಕ್ ಪೊಲೀಸ್ ಕುಟುಂಬವೂ ಇದೆ. ಒಂದು ಗಂಟೆಯ ಆಟದಲ್ಲಿ ಒಂದೇ ವಾಕ್ಯವನ್ನ ಒಬ್ಬೊಬ್ಬರೂ ಕಡಿಮೆ ಅಂದ್ರೂ ಇಪ್ಪತ್ತು ಸಲ ಹೇಳಿರ್ತಾರೆ. ಅದನ್ನೇ ಇಪ್ಪತ್ತು ಸಲ ಬರೀರಿ ಅಂದ್ರೆ ಅಳ್ತಾರೆ.

ತಪ್ಪು ಹೇಳಿದಾಗ ತಡೆಯಲ್ಲ. ಸರಿಯಾದ ರೂಪವನ್ನ ನನ್ನ ಉತ್ತರದೊಳಗೆ ಸೇರಿಸಿ ತಿರುಗಿ ಹೇಳ್ತೀನಿ, ಅಷ್ಟೇ. ಮಕ್ಕಳು ಸಾಮಾನ್ಯವಾಗಿ ಮಾಡೋ ತಪ್ಪು ‘ಜ ಸ್ವಿ ನೋಫ್ ಆಂ’. ಇಂಗ್ಲಿಷಿನ ‘ಐ ಆಮ್ ನೈನ್’ ಅನ್ನ ಹಾಗೇ ಎತ್ತಿ ಇಟ್ಟದ್ದು. ಫ್ರೆಂಚಿನಲ್ಲಿ ವಯಸ್ಸು ನಾವು ‘ಆಗಿರೋದು’ ಅಲ್ಲ, ನಮ್ಮ ಹತ್ರ ‘ಇರೋದು’. ‘ಜೇ ನೋವಾಂ’, ನನ್ನ ಹತ್ರ ಒಂಬತ್ತು ವರ್ಷ ಇದೆ. ಹಸಿವು, ಬಾಯಾರಿಕೆ, ಭಯ ಎಲ್ಲ ಹೀಗೇ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಗುಂಪಿನ ಒಬ್ಬ ಹುಡುಗನ ಶಾಲೆಯಲ್ಲಿ ‘ಮಗುವಿಗೆ ಭಾಷೆ ಜಾಸ್ತಿಯಾಗಿದೆ, ಮನೆಯಲ್ಲಿ ಇಂಗ್ಲಿಷೇ ಮಾತಾಡಿ’ ಅಂದ್ರಂತೆ. ಅಪ್ಪ ಅಮ್ಮ ಕನ್ನಡ ನಿಲ್ಲಿಸಿದ್ರು. ನಾಲ್ಕು ತಿಂಗಳಲ್ಲಿ ದಾವಣಗೆರೆಯ ಅಜ್ಜಿ ವಿಡಿಯೊ ಕಾಲಿನಲ್ಲಿ ‘ಊಟ ಆತೇನಪ್ಪ’ ಅಂದ್ರೆ ಹುಡುಗ ‘ಯೆಸ್’ ಅಂತಿದ್ದ. ಅಜ್ಜಿ ಫೋನ್ ಮಾಡೋದೇ ಕಡಿಮೆ ಮಾಡಿದ್ರು. ಅವರಪ್ಪ ಇದನ್ನ ಪಾರ್ಕಿಂಗಿನಲ್ಲಿ ಹೇಳಿದಾಗ ನಾನು ನೇರವಾಗಿ ಅಂದೆ: ಸರ್, ಏನಾದ್ರೂ ಬಿಡಲೇಬೇಕಂದ್ರೆ ಫ್ರೆಂಚ್ ಬಿಡಿಸಿ, ನನಗೆ ಬೇಜಾರಿಲ್ಲ.

ನಾನು ಇದನ್ನ ಬರೀ ಅಭಿಮಾನಕ್ಕೆ ಹೇಳಿದ್ದಲ್ಲ. ‘ನನಗೆ ಒಂಬತ್ತು ವರ್ಷ’, ‘ನನಗೆ ಹಸಿವು’, ‘ನನಗೆ ಭಯ’. ನೋಡಿ, ಕನ್ನಡದ ರೂಪ ಫ್ರೆಂಚಿಗೆ ಇಂಗ್ಲಿಷಿಗಿಂತ ಹತ್ತಿರ ಇದೆ. ‘ತು’ ಮತ್ತು ‘ವೂ’ ವ್ಯತ್ಯಾಸ ನಮ್ಮ ಮಕ್ಕಳಿಗೆ ಅರ್ಧ ನಿಮಿಷದ ಪಾಠ: ನೀನು, ನೀವು. ಹಲವರಿಗೂ ‘ವೂ’, ಹಿರಿಯರಿಗೂ ‘ವೂ’, ಥೇಟ್ ನಮ್ಮ ‘ನೀವು’. ನಮ್ಮ ನಾಲಿಗೆಗೆ ಹೊಸದಾದ ‘ತು’ವಿನ ಸ್ವರವನ್ನೂ ಕನ್ನಡದಲ್ಲೇ ಹೇಳಿಕೊಡ್ತೀನಿ. ತುಟಿ ‘ಊ’ ಅನ್ನೋ ಹಾಗೆ ಇಟ್ಟು, ಒಳಗೆ ‘ಈ’ ಅನ್ನಿ, ಬಂತು.

ಆ ಹುಡುಗನ ಮನೆಯಲ್ಲಿ ಈಗ ಮತ್ತೆ ಕನ್ನಡ ಶುರುವಾಗಿದೆ. ಅಜ್ಜಿ ರಜಕ್ಕೆ ಬಂದಾಗ ಅವರಿಗೂ 42 ಕಾರ್ಡಿನ ಆಟ ಕಲಿಸಿದ್ದಾನೆ, ‘ಪಿಯೋಶ್’ ಅಂತ ಅವರೇ ಜೋರಾಗಿ ಕೂಗ್ತಾರಂತೆ. ಶಾಲೆಯ ಫ್ರೆಂಚ್ ಮಾರ್ಕ್ಸ್ ಮಾತ್ರ ಏರಿಲ್ಲ, ಅಲ್ಲೇ ಇದೆ.

ಮಾರ್ಕ್ಸ್ ಬಗ್ಗೆ ಕೇಳೋರು ಇದ್ದೇ ಇರ್ತಾರೆ. ‘ಡೆಲ್ಫ್ ಪ್ರಿಮ್’ ಅಂತ ಚಿಕ್ಕ ಮಕ್ಕಳಿಗೆ ಒಂದು ಪರೀಕ್ಷೆ ಇದೆ. ಕೇಳೋದು, ಓದೋದು, ಬರೆಯೋದು, ಮಾತಾಡೋದು, ತಲಾ 25 ಅಂಕ. ಅಂದ್ರೆ ಅರ್ಧ ಅಂಕ ಕಿವಿ ಬಾಯಿಯದ್ದೇ. ಸರ್ಟಿಫಿಕೇಟ್ ಬೇಕೇಬೇಕು ಅನ್ನೋರು ಅದನ್ನ ಬರೆಸಿ. ಭಾನುವಾರದ ಗುಂಪನ್ನ ಟ್ಯೂಷನ್ ಮಾಡಬೇಡಿ. ವರ್ಕ್‌ಶೀಟ್ ಕೊಡಿ ಅಂತ ಒಬ್ಬರು ಮೂರು ಸಲ ಕೇಳಿದ್ರು, ನಾನು ಕೊಟ್ಟಿಲ್ಲ.

ಲಿಂಗದ ಗಲಾಟೆ ಇನ್ನೂ ಮುಗಿದಿಲ್ಲ. ಕುರ್ಚಿ, ಬಾಗಿಲು ನಮಗೆ ‘ಅದು’. ಫ್ರೆಂಚಿನಲ್ಲಿ ಎರಡೂ ಸ್ತ್ರೀಲಿಂಗ. ಹಿಂದಿ ಬರೋ ಮಕ್ಕಳು ‘ಕುರ್ಸಿ’ಗೆ ಹೂಂ ಅಂತಾರೆ, ‘ದರ್ವಾಜಾ’ ಪುಲ್ಲಿಂಗ ಅಲ್ವಾ ಅಂತ ಜಗಳಕ್ಕೆ ಬರ್ತಾರೆ. ಈ ಭಾನುವಾರ ಸಂತೆ ಆಟ ಇಟ್ಕೊಂಡಿದ್ದೀವಿ. ಫ್ರೆಂಚಿನಲ್ಲಿ ‘ಲೀವ್ರ್’ ಸ್ತ್ರೀಲಿಂಗವಾದ್ರೆ ಅರ್ಧ ಕಿಲೋ, ಪುಲ್ಲಿಂಗವಾದ್ರೆ ಪುಸ್ತಕ. ‘ಯೂನ್ ಲೀವ್ರ್’ ಈರುಳ್ಳಿ ಕೇಳಿದವರಿಗೆ ಈರುಳ್ಳಿ ಸಿಗುತ್ತೆ. ‘ಆಂ ಲೀವ್ರ್’ ಅಂದವರಿಗೆ ಕೊಡೋಕೆ ಹಳೇ ಗಣಿತದ ಪುಸ್ತಕಗಳನ್ನ ತೂಕದ ತಟ್ಟೆ ಪಕ್ಕದಲ್ಲೇ ಇಟ್ಟಿರ್ತೀನಿ.